ಪಾಂಡಿತ್ಯವು ವಾರ್ಡಿಗೆ ತಲುಪಲಿ

ಉನ್ನತ ಹಂತದ ದಾದಿಯರಿಗೆ ಪಿಎಚ್‌ಡಿಗಿಂತ ಭಿನ್ನವಾದ ಡಾಕ್ಟರೇಟ್ ಬೇಕೆಂದು ಅಮೇರಿಕದ ನರ್ಸಿಂಗ್ ಕಾಲೇಜುಗಳ ಸಂಘವು 2004ರಲ್ಲಿ ಶಿಫಾರಸು ಮಾಡಿತು. ಅದುವೇ ಡಿಎನ್‌ಪಿ. ಪಿಎಚ್‌ಡಿಯ ಗುರಿ ಹೊಸ ಜ್ಞಾನದ ಶೋಧನೆ. ಡಿಎನ್‌ಪಿಯ ಗುರಿ, ಶೋಧಿಸಲ್ಪಟ್ಟ ಜ್ಞಾನವನ್ನು ರೋಗಿಯ ಬಳಿಗೆ ತಲುಪಿಸುವುದು. ಹಾಸಿಗೆ ಹುಣ್ಣನ್ನೋ ಕೆಥೆಟರ್ ಸೋಂಕನ್ನೋ ತಡೆಯುವ ವಿಧಾನವು ಗ್ರಂಥದಲ್ಲಿದ್ದೂ ವಾರ್ಡಿನಲ್ಲಿ ಇಲ್ಲದಿದ್ದರೆ ನರಳಬೇಕಾದವರು ಯಾರು?

ಈ ಕಾರಣದಿಂದಲೇ 2006ರ ಮಾರ್ಗಸೂಚಿಯು ಸ್ನಾತಕ ಪದವಿಯ ನಂತರ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ವಿಧಿಸಿತು. ಆದರೂ, ಬರೇ ಪ್ರಕಟಿತ ಅಧ್ಯಯನಗಳ ಅವಲೋಕನವನ್ನು ಡಿಎನ್‌ಪಿ ಯೋಜನೆಯೆಂದು ಪರಿಗಣಿಸಲಾಗದು ಎಂದು 2015ರಲ್ಲಿ ಅದೇ ಸಂಘವು ಸ್ಪಷ್ಟಪಡಿಸಬೇಕಾಗಿ ಬಂತು. ಕಾಗದದ ಮೇಲಿನ ಪಾಂಡಿತ್ಯವು ಎಷ್ಟು ಸುಲಭವಾಗಿ ಸೇವೆಯ ಜಾಗವನ್ನು ಆಕ್ರಮಿಸುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ವಾರ್ಡಿನ ದಾಖಲೆಗಳಿಂದ ಸಮಸ್ಯೆಯನ್ನು ಗುರುತಿಸುವುದು, ಪುರಾವೆಗಳನ್ನು ತೂಗಿ ನೋಡುವುದು, ವೈದ್ಯರನ್ನೂ ಸಹೋದ್ಯೋಗಿಗಳನ್ನೂ ಒಪ್ಪಿಸಿ ಬದಲಾವಣೆ ತರುವುದು, ಅದರ ಫಲಿತಾಂಶವನ್ನು ಅಳೆದು ಇತರರಿಗೆ ತಿಳಿಸುವುದು- ಇವೆಲ್ಲ ಕೊನೆಯ ವರ್ಷದ ಯೋಜನೆಗಾಗಿ ಕಾಯಬೇಕಾದ ಪಾಠಗಳಲ್ಲ. ಮೊದಲ ದಿನದಿಂದಲೇ ಕಾಲೇಜು ಮತ್ತು ಆಸ್ಪತ್ರೆಗಳು ಜಂಟಿಯಾಗಿ ಕಲಿಸಬೇಕಾದವು. ಬೋಧಕರೂ ವಾರ್ಡಿನ ನಂಟನ್ನು ಕಳಚಿಕೊಳ್ಳಬಾರದು.

ಡಾಕ್ಟರೇಟ್ ಎಂಬುದು ಹೆಸರಿನ ಮುಂದಿನ ಅಲಂಕಾರವಲ್ಲ, ಹೊಣೆಗಾರಿಕೆ. ಆ ಹೊಣೆ ಈಡೇರಿತೇ ಎಂಬುದನ್ನು ನಿರ್ಧರಿಸಬೇಕಾದುದು ಪದವಿ ಪತ್ರವಲ್ಲ, ಗುಣಮುಖನಾಗಿ ಮನೆಗೆ ಮರಳುವ ರೋಗಿ.