ದೇವದುರ್ಗದ ಶಾಸಕರ ನಿಲುವು ಏನಿತ್ತು?

ನಮ್ಮ ಜಿಲ್ಲೆಯ ರಾಜಕಾರಣದ ಬಗ್ಗೆ ಬರೆಯಬೇಕು ಅಂತ ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ, ಆಗಿರಲಿಲ್ಲ. ಬೆಂಗಳೂರಿನ ಬ್ಲಾಗಿಗರು ಟ್ರಾಫಿಕ್ಕಿನ ಬಗ್ಗೆ ಬರೆಯುತ್ತಾರೆ, ಮಲೆನಾಡಿನವರು ಮಳೆಯ ಬಗ್ಗೆ ಬರೆಯುತ್ತಾರೆ. ರಾಯಚೂರಿನ ಬಗ್ಗೆ ಯಾರಾದರೂ ಬರೆದರೆ ಅದು ಬಿಸಿಲಿನ ಬಗ್ಗೆಯೇ ಆಗಿರುತ್ತದೆ :-) ಇವತ್ತು ಬಿಸಿಲು ಬೇಡ. ಒಬ್ಬ ಶಾಸಕರ ಬಗ್ಗೆ ಬರೆಯುತ್ತೇನೆ. ದೇವದುರ್ಗದ ಮಾಜಿ ಶಾಸಕ ಕೆ. ಶಿವನಗೌಡ ನಾಯಕ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಅವರ ಮೇಲೆ ನನಗೆ ವೈಯಕ್ತಿಕ ಸಿಟ್ಟೂ ಇಲ್ಲ. ಅವರನ್ನೇ ಯಾಕೆ ಆರಿಸಿಕೊಂಡೆ ಅಂದರೆ, ನಮ್ಮ ಭಾಗದ ರಾಜಕಾರಣದಲ್ಲಿ ಏನೇನು ನಡೆಯುತ್ತದೋ ಅದೆಲ್ಲವೂ ಅವರೊಬ್ಬರ ಹದಿನೈದು ವರ್ಷಗಳಲ್ಲಿ ಸಿಗುತ್ತದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ೨೦೦೮ರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಾಗ ದೇವದುರ್ಗ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರವಾಯಿತು. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ನಾಲ್ಕು ಹೀಗೆ ಮೀಸಲು: ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ ಮತ್ತು ಮಸ್ಕಿ. ಆ ವರ್ಷ ಶಿವನಗೌಡರು ಜೆಡಿಎಸ್‌ನಿಂದ ಗೆದ್ದರು. ಆಗ ಬಿಜೆಪಿಗೆ ೧೧೦ ಸೀಟು ಬಂದಿತ್ತು, ಬಹುಮತಕ್ಕೆ ೧೧೩ ಬೇಕಿತ್ತು. ಆಮೇಲೆ ನಡೆದದ್ದನ್ನು ಇಡೀ ದೇಶ 'ಆಪರೇಷನ್ ಕಮಲ' ಎಂದು ಕರೆಯಿತು. ಶಿವನಗೌಡರು ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದರು. ೨೦೦೮ರ ಡಿಸೆಂಬರಿನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು, ಬಿಜೆಪಿ ಐದರಲ್ಲಿ ಗೆದ್ದಿತು. ಆ ಐದರಲ್ಲಿ ದೇವದುರ್ಗವೂ ಒಂದು. ಯಡಿಯೂರಪ್ಪ ಸರ್ಕಾರದಲ್ಲಿ ಅವರು ಸಚಿವರೂ ಆದರು.

೨೦೧೩ರಲ್ಲಿ ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕರ ಎದುರು ಸೋತರು. ವೆಂಕಟೇಶ ನಾಯಕರು ೨೦೧೫ರ ಆಗಸ್ಟಿನಲ್ಲಿ ಆಂಧ್ರದ ಪೆನುಕೊಂಡ ಬಳಿ ರೈಲು ಅಪಘಾತದಲ್ಲಿ ತೀರಿಕೊಂಡರು. ೨೦೧೬ರ ಫೆಬ್ರವರಿಯ ಉಪಚುನಾವಣೆಯಲ್ಲಿ ಶಿವನಗೌಡರು ಮತ್ತೆ ಗೆದ್ದರು. ೨೦೧೮ರಲ್ಲಿ ಇನ್ನೊಮ್ಮೆ ಗೆದ್ದರು. ೨೦೨೩ರಲ್ಲಿ ಜೆಡಿಎಸ್‌ನ ಕರೆಮ್ಮ ಜಿ. ನಾಯಕ ಅವರ ಎದುರು ೩೪ ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಇದಿಷ್ಟು ಯಾರನ್ನು ಕೇಳಿದರೂ ಸಿಗುತ್ತದೆ. ದೇವದುರ್ಗದ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂತರೆ ಇದಕ್ಕಿಂತ ಹೆಚ್ಚೇ ಸಿಗುತ್ತದೆ. ಯಾರು ಯಾರ ಸಂಬಂಧಿ, ಯಾವ ಊರಿನ ಓಟು ಯಾರ ಕೈಯಲ್ಲಿದೆ, ಎಲ್ಲವೂ ಬಾಯಿಪಾಠ. ಆದರೆ ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ. "ಭೂಸುಧಾರಣಾ ಕಾಯ್ದೆ ತಿದ್ದುಪಡಿ ಬಗ್ಗೆ ನಿಮ್ಮ ಶಾಸಕರ ಅಭಿಪ್ರಾಯ ಏನಿತ್ತು?" ಅಂತ. ನಮ್ಮ ಕಾಕಾ ಆದರೆ ನನ್ನ ಮುಖ ನೋಡಿ, "ಬೆಂಗಳೂರಿಗೆ ಹೋಗಿ ನಿನ್ನ ತಲಿ ಕೆಟ್ಟೈತಿ ನೋಡಪಾ" ಅಂದುಬಿಡುತ್ತಾರೆ.

ನನಗೆ ಕಾಡುವುದು ಇದೇ. ಇವರು ಬಲಪಂಥೀಯ ಎನ್ನಿಸಿಕೊಳ್ಳುವ ಪಕ್ಷದಲ್ಲಿ ಇಷ್ಟು ವರ್ಷ ಇದ್ದರು. ಆ ಪಕ್ಷಕ್ಕೆ ಒಂದು ಸಿದ್ಧಾಂತ ಇದೆ, ಅದನ್ನು ಅದು ಮುಚ್ಚಿಟ್ಟೂ ಇಲ್ಲ. ಆದರೆ ನಮ್ಮ ಶಾಸಕರಿಗೂ ಆ ಸಿದ್ಧಾಂತಕ್ಕೂ ಏನು ಸಂಬಂಧ ಅಂತ ಮತದಾರನಿಗೆ ತಿಳಿಯುವುದೇ ಇಲ್ಲ. ಯಾಕೆಂದರೆ ಇವರೊಬ್ಬರೇ ಬಂದವರಲ್ಲ. ರಾಯಚೂರು ನಗರದ ಡಾ. ಶಿವರಾಜ ಪಾಟೀಲರು ೨೦೧೩ರಲ್ಲಿ ಜೆಡಿಎಸ್‌ನಿಂದ ಗೆದ್ದವರು, ೨೦೧೮ ಮತ್ತು ೨೦೨೩ರಲ್ಲಿ ಬಿಜೆಪಿಯಿಂದ ಗೆದ್ದರು. ವೆಂಕಟೇಶ ನಾಯಕರ ಮಗ ಬಿ.ವಿ. ನಾಯಕರು ೨೦೧೪ರಲ್ಲಿ ಕಾಂಗ್ರೆಸ್ಸಿನಿಂದ ರಾಯಚೂರಿನ ಸಂಸದರಾದವರು, ೨೦೨೩ರಲ್ಲಿ ಮಾನ್ವಿಯಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ನಿಂತು ಸೋತರು. ಮಸ್ಕಿಯದಂತೂ ಇನ್ನೂ ತಮಾಷೆ. ೨೦೧೮ರಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್, ಬಸನಗೌಡ ತುರ್ವಿಹಾಳರು ಬಿಜೆಪಿ. ೨೦೨೧ರ ಉಪಚುನಾವಣೆಯಲ್ಲಿ ಪ್ರತಾಪಗೌಡರು ಬಿಜೆಪಿ, ಬಸನಗೌಡರು ಕಾಂಗ್ರೆಸ್! ಅದೇ ಇಬ್ಬರು, ಅದೇ ಊರು, ಬಾವುಟ ಮಾತ್ರ ಅದಲು ಬದಲು. ಇಲ್ಲಿ ಯಾರನ್ನು ಬಲಪಂಥೀಯ ಅನ್ನೋಣ, ಯಾರನ್ನು ಎಡ ಅನ್ನೋಣ? ನೀವೇ ಹೇಳಿ.

ಇದಕ್ಕೆ ನಾಯಕರನ್ನು ಬೈದು ಸುಮ್ಮನಾಗುವುದು ಸುಲಭ. ನಾನು ಸಾಫ್ಟ್‌ವೇರ್ ಮಂದಿ, ಒಂದೇ ತಪ್ಪು ಮತ್ತೆ ಮತ್ತೆ ಬಂದರೆ ಮನುಷ್ಯರಿಗಿಂತ ಮೊದಲು ಸಿಸ್ಟಮ್ಮನ್ನು ನೋಡುವುದು ಅಭ್ಯಾಸ. ನೋಡಿದರೆ ಸಿಕ್ಕಿದ್ದು ಪಕ್ಷಾಂತರ ನಿಷೇಧ ಕಾನೂನು, ಅಂದರೆ ೧೯೮೫ರಲ್ಲಿ ಬಂದ ಸಂವಿಧಾನದ ಹತ್ತನೇ ಶೆಡ್ಯೂಲು. ಅದರ ಪ್ರಕಾರ ಶಾಸಕನೊಬ್ಬ ತನ್ನ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಆದರೆ ರಾಜೀನಾಮೆ ಕೊಟ್ಟು, ಬೇರೆ ಪಕ್ಷ ಸೇರಿ, ಉಪಚುನಾವಣೆಯಲ್ಲಿ ಗೆದ್ದು ಬಂದರೆ ಮಂತ್ರಿಯೇ ಆಗಬಹುದು. ೨೦೧೯ರಲ್ಲಿ ಹದಿನೇಳು ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಹೇಗಿದೆ ನೋಡಿ! ಶಾಸಕ ಒಂದು ಮಸೂದೆ ತನ್ನ ಕ್ಷೇತ್ರಕ್ಕೆ ಒಳ್ಳೆಯದಲ್ಲ ಎಂದು ಪಕ್ಷದೊಳಗಿದ್ದೇ ವಿರುದ್ಧ ಮತ ಹಾಕುವಂತಿಲ್ಲ. ಪಕ್ಷವನ್ನೇ ಬಿಟ್ಟು ಹೋಗಬಹುದು. ಕಾಲಿಗೆ ಸ್ವಾತಂತ್ರ್ಯ, ಬಾಯಿಗೆ ಬೀಗ.

ಇದರ ಪರಿಣಾಮ ಏನು ಅಂತ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಶಿವನಗೌಡರು ಆಡಳಿತ ಪಕ್ಷದ ಶಾಸಕರಾಗಿದ್ದಾಗಿನವು.

ಮೊದಲನೆಯದು ೨೦೨೦ರ ಭೂಸುಧಾರಣಾ ತಿದ್ದುಪಡಿ. ೭೯ಎ ಮತ್ತು ೭೯ಬಿ ಕಲಮುಗಳು ಹೋದವು. ಮುಂಚೆ ಕೃಷಿಯೇತರ ಆದಾಯ ವರ್ಷಕ್ಕೆ ೨೫ ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ, ಆ ಅಡ್ಡಿ ಹೋಯಿತು. ನನ್ನ ಆಫೀಸಿನಲ್ಲಿ ಜೋಳದ ದಂಟಿಗೂ ಕಬ್ಬಿನ ಜಲ್ಲೆಗೂ ವ್ಯತ್ಯಾಸ ಗೊತ್ತಿಲ್ಲದವರು ಇದ್ದಾರೆ, ಅವರೂ ಈಗ ದೇವದುರ್ಗದಲ್ಲಿ ಹೊಲ ಕೊಳ್ಳಬಹುದು. ಇದರಿಂದ ರೈತನಿಗೆ ಒಳ್ಳೆಯ ರೇಟು ಸಿಗುತ್ತದೆ ಎನ್ನುವ ವಾದವೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಸಿಗುವ ಹೊಲದ ಲೆಕ್ಕ ಬೇರೆ, ಸಿಗದ ಹೊಲದ ಲೆಕ್ಕ ಬೇರೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆಯ ಕೊನೇ ಭಾಗದವರು ಬೆಳೆ ಒಣಗುವ ಹೊತ್ತಿಗೆ ಪ್ರತಿಭಟನೆ ಮಾಡಿ ನೀರು ಕೇಳಬೇಕಾದ ಪರಿಸ್ಥಿತಿ. ಎರಡು ವರ್ಷ ಬರ ಬಿದ್ದು, ಬೆಂಗಳೂರಿಗೆ ಗುಳೆ ಹೋಗಿ, ಸಾಲಕ್ಕೆ ಹೊಲ ಮಾರುವವನು ಯಾವ ರೇಟು ಕೇಳಿಯಾನು? ಈ ಮಾತನ್ನು ಸದನದಲ್ಲಿ ಎತ್ತಬೇಕಾದವರು ಇಂಥ ತಾಲ್ಲೂಕುಗಳ ಶಾಸಕರೇ ಅಲ್ಲವೇ? ಆ ವಾದ ಪರವಾಗಿದ್ದರೂ ಸರಿ, ವಿರುದ್ಧವಾಗಿದ್ದರೂ ಸರಿ, ಊರಿನ ರೈತನಿಗೆ ತಲುಪಬೇಕಿತ್ತು. ನಮ್ಮ ಮನೆಯವರೆಗೆ ತಲುಪಲಿಲ್ಲ.

ಎರಡನೆಯದು ಜಾನುವಾರು ಹತ್ಯೆ ನಿಷೇಧ ಕಾಯ್ದೆ, ಜಾರಿಗೆ ಬಂದದ್ದು ೨೦೨೧ರ ಜನವರಿಯಲ್ಲಿ. ೧೩ ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಜಾನುವಾರುಗಳ ಹತ್ಯೆ ನಿಷೇಧ. ಇದು ಬಿಜೆಪಿಯ ಸಿದ್ಧಾಂತದ ಮಧ್ಯಭಾಗದಲ್ಲಿರುವ ವಿಷಯ, ಅವರು ಅದನ್ನು ತಂದದ್ದರಲ್ಲಿ ಆಶ್ಚರ್ಯವಿಲ್ಲ. ಗೋವಿನ ಮೇಲಿನ ಭಕ್ತಿಯನ್ನು ನಾನು ಹಗುರ ಮಾಡುತ್ತಿಲ್ಲ, ನಮ್ಮ ಮನೆಯಲ್ಲೂ ಕಾರಹುಣ್ಣಿಮೆಗೆ ಎತ್ತಿನ ಕಾಲಿಗೆ ಬೀಳುತ್ತಾರೆ. ಆದರೆ ಒಣಬೇಸಾಯದವನಿಗೆ ಮುದಿ ಎತ್ತು ಕೂಡ ಒಂದು ಆಸ್ತಿ. ಬೇಸಿಗೆಯಲ್ಲಿ ಸಂತೆಗೆ ಹೊಡೆದರೆ ಬೀಜ ಗೊಬ್ಬರಕ್ಕೆ ದುಡ್ಡಾಗುತ್ತಿತ್ತು. ಕೊಳ್ಳುವವನೇ ಇಲ್ಲದ ಮೇಲೆ ಅದಕ್ಕೆ ಹೊಟ್ಟು ಮೇವು ಎಲ್ಲಿಂದ ತರಬೇಕು? ಸಂಪ್ರದಾಯವನ್ನು ಕಾಪಾಡುತ್ತೇನೆ ಎನ್ನುವವರು ಆ ಸಂಪ್ರದಾಯವನ್ನು ದಿನಾ ಸಾಕುವವನ ಖರ್ಚನ್ನೂ ಲೆಕ್ಕ ಹಾಕಬೇಕು. ನನ್ನ ಪ್ರಕಾರ ನಿಜವಾದ ಸಂಪ್ರದಾಯವಾದಿ ಶಾಸಕ ಮೊದಲು ಕೇಳಬೇಕಾದದ್ದು ಇದನ್ನೇ.

ಬಾಯಿಗೆ ಬೀಗ ಇದ್ದಾಗ ಮಾತು ಎಲ್ಲಿ ಹೊರಬರುತ್ತದೆ? ಸಮಾರಂಭಗಳಲ್ಲಿ. ೨೦೨೧ರ ಅಕ್ಟೋಬರಿನಲ್ಲಿ ಶಿವರಾಜ ಪಾಟೀಲರು ಸಚಿವರ ಎದುರೇ ವೇದಿಕೆಯಲ್ಲಿ ರಾಯಚೂರನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಎಂದರು. ಆ ವಿಡಿಯೋವನ್ನು ಆಗಿನ ತೆಲಂಗಾಣ ಮಂತ್ರಿ ಕೆ.ಟಿ. ರಾಮರಾವ್ ಟ್ವೀಟ್ ಮಾಡಿದರು. ಕರ್ನಾಟಕದಲ್ಲಿ ಗಲಾಟೆಯಾಯಿತು. ಬೆಂಗಳೂರಿನ ನನ್ನ ಗೆಳೆಯರಿಗೆ ಸಿಟ್ಟು ಬಂತು, "ನಿಮ್ಮ ಊರಿನವರಿಗೆ ಕನ್ನಡಾಭಿಮಾನ ಇಲ್ಲವಾ?" ಅಂದರು. ಕನ್ನಡಾಭಿಮಾನದ ಪ್ರಶ್ನೆ ಅಲ್ಲ ಮಾರಾಯರೇ! ಆಡಳಿತ ಪಕ್ಷದ ಶಾಸಕರೇ ತಮ್ಮ ಸರ್ಕಾರ ನಮ್ಮನ್ನು ಕಡೆಗಣಿಸಿದೆ ಎಂದು ಹೇಳಲು ಇಷ್ಟು ಸುತ್ತು ಬಳಸಬೇಕಾಯಿತಲ್ಲ, ಅದು ನಾಚಿಕೆಯ ವಿಷಯ. ಆ ಕಡೆಗಣನೆಯನ್ನು ಅಂಕಿ ಅಂಶ ಸಮೇತ ಸದನದಲ್ಲಿ ಚರ್ಚೆ ಮಾಡುವ ದಾರಿ ಇತ್ತು. ಸುದ್ದಿಯಾಗಿದ್ದು ಮಾತ್ರ ವೇದಿಕೆಯ ಆ ಒಂದು ವಾಕ್ಯ.

ದೇವದುರ್ಗ ರಾಜ್ಯಮಟ್ಟದಲ್ಲಿ ಸುದ್ದಿಯಾದದ್ದು ಯಾವಾಗ ನೆನಪಿದೆಯಾ? ೨೦೧೯ರ ಫೆಬ್ರವರಿಯಲ್ಲಿ. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಒಂದು ಆಡಿಯೋ ಬಿಡುಗಡೆ ಮಾಡಿದರು. ಗುರುಮಠಕಲ್ ಶಾಸಕರ ಮಗನನ್ನು ದೇವದುರ್ಗದ ಅತಿಥಿಗೃಹದಲ್ಲಿ ಭೇಟಿಯಾದದ್ದು ಹೌದು ಎಂದು ಯಡಿಯೂರಪ್ಪನವರೂ ಆಮೇಲೆ ಒಪ್ಪಿಕೊಂಡರು. ಪ್ರಕರಣ ದಾಖಲಾಯಿತು, ಅದರಲ್ಲಿ ಶಿವನಗೌಡರ ಹೆಸರೂ ಇತ್ತು. ಆರೋಪವನ್ನು ತೀರ್ಮಾನಿಸುವುದು ಕೋರ್ಟಿನ ಕೆಲಸ, ಬ್ಲಾಗಿನ ಕೆಲಸ ಅಲ್ಲ. ನನಗೆ ಬೇಜಾರಾದದ್ದು ಬೇರೆ ಕಾರಣಕ್ಕೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ ೨೧ ಆಗಿನ ಗುಲ್ಬರ್ಗ ವಿಭಾಗದವು. ದೇವದುರ್ಗವೂ ಇದೆ, ಮಾನ್ವಿಯೂ ಇದೆ. ಆ ಪಟ್ಟಿ ನೋಡಿ ನಮ್ಮ ಊರಿಗೆ ಕ್ಯಾಮೆರಾ ಹಿಡಿದುಕೊಂಡು ಯಾರೂ ಓಡಿ ಬರಲಿಲ್ಲ. ಅತಿಥಿಗೃಹದ ಗೇಟು ತೋರಿಸಲು ಎಲ್ಲ ಚಾನೆಲ್ಲಿನವರೂ ಬಂದರು.

"ನೀತಿ ಗೀತಿ ಎಲ್ಲ ಪುಸ್ತಕದ ಮಾತು, ಶಾಸಕನಾದವನು ರಸ್ತೆ, ಬೋರ್‌ವೆಲ್, ವರ್ಗಾವಣೆ ಮಾಡಿಸಿಕೊಟ್ಟರೆ ಸಾಕು" ಅಂತ ಹೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ನಾನೇ. ೨೦೧೨ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ೩೭೧ಜೆ ಬಂತು, ೨೦೧೩ರಲ್ಲಿ ಜಾರಿಯಾಯಿತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ ೭೦, ರಾಜ್ಯದ ಉಳಿದ ಕಡೆ ಶೇಕಡಾ ೮ ಸೀಟು ನಮಗೆ. ೨೦೧೪ರಲ್ಲಿ ಸಿಇಟಿ ಬರೆದ ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ್ದು ಆ ಎಂಟರಲ್ಲಿ. ಅದಿಲ್ಲದಿದ್ದರೆ ನನ್ನ ರ‍್ಯಾಂಕಿಗೆ ಆ ಕಾಲೇಜಿನ ಗೇಟೂ ಸಿಗುತ್ತಿರಲಿಲ್ಲ. ಒಂದು ಬೋರ್‌ವೆಲ್ಲು ಒಂದು ಓಣಿಗೆ ನೀರು ಕೊಡುತ್ತದೆ, ಬೇಸಿಗೆಗೆ ಬತ್ತಿಯೂ ಹೋಗುತ್ತದೆ. ಈ ಒಂದು ಕಲಮು ನನ್ನಂಥ ಸಾವಿರಾರು ಹುಡುಗ ಹುಡುಗಿಯರಿಗೆ ಸೀಟು ಕೊಟ್ಟಿತು. ಇದೇ ಬೇಡಿಕೆಯನ್ನು ಆಡ್ವಾಣಿಯವರು ಗೃಹಸಚಿವರಾಗಿದ್ದಾಗ ಕೇಂದ್ರ ನಿರಾಕರಿಸಿತ್ತು. ೨೦೧೨ರಲ್ಲಿ ಬಿಜೆಪಿ ಆಡಳಿತವಿದ್ದ ಕರ್ನಾಟಕದ ಎರಡೂ ಸದನಗಳು ಅದನ್ನು ಬೆಂಬಲಿಸಿ ನಿರ್ಣಯ ಮಾಡಿದವು. ಆಗ ದೇವದುರ್ಗದ ಶಾಸಕರು ಶಿವನಗೌಡರೇ. ನ್ಯಾಯವಾಗಿ ಆ ನಿರ್ಣಯದ ಶ್ರೇಯಸ್ಸಿನಲ್ಲಿ ಆ ಸದನದ ಸದಸ್ಯರಾಗಿ ಅವರಿಗೂ ಒಂದು ಪಾಲು ಇದೆ. ಆದರೆ ಅದನ್ನು ಅವರ ಸಾಧನೆ ಅಂತ ಊರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮಾಡಿದ ಒಳ್ಳೆಯದೂ ಲೆಕ್ಕಕ್ಕೆ ಬರುವುದಿಲ್ಲ ನೋಡಿ, ನೀತಿಯ ಬಗ್ಗೆ ಮಾತೇ ಇಲ್ಲದ ಕಡೆ.

೨೦೨೨ರಲ್ಲಿ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡಾ ೩ರಿಂದ ೭ಕ್ಕೆ ಏರಿಸಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ೨೦೨೦ರಲ್ಲೇ ವರದಿ ಕೊಟ್ಟಿತ್ತು, ವಾಲ್ಮೀಕಿ ಸ್ವಾಮೀಜಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ ನಿರ್ಧಾರ ಬಂತು. ಮರುವರ್ಷದ ಚುನಾವಣೆಯಲ್ಲಿ ರಾಜ್ಯದ ೧೫ ಪಂಗಡ ಮೀಸಲು ಕ್ಷೇತ್ರಗಳಲ್ಲಿ ಬಿಜೆಪಿ ಒಂದನ್ನೂ ಗೆಲ್ಲಲಿಲ್ಲ. ಕಾಂಗ್ರೆಸ್ಸಿಗೆ ೧೪. ಜೆಡಿಎಸ್‌ಗೆ ಬಂದ ಒಂದೇ ಒಂದು ಕ್ಷೇತ್ರ ಯಾವುದು ಅಂದರೆ ನಮ್ಮ ದೇವದುರ್ಗ! ಜನ ಕೃತಘ್ನರು ಅಂತ ಕೆಲವರು ಬರೆದರು. ನನಗೆ ಹಾಗನ್ನಿಸುವುದಿಲ್ಲ. ವರ್ಷಾನುಗಟ್ಟಲೆ ಮೇಲಿನವರ ಕೃಪೆಯಂತೆ ಕಾಯಿಸಿ ಕೊಟ್ಟದ್ದನ್ನು ತಮ್ಮ ಶಾಸಕನ ಕೆಲಸ ಅಂತ ಜನ ಯಾಕೆ ಎಣಿಸಬೇಕು?

ಅದೇ ೨೦೨೩ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಊರಿನ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ತೀರಿಕೊಂಡ. ಅದಕ್ಕೂ ಒಂದು ವರ್ಷ ಮೊದಲು ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಜನ ಸತ್ತಿದ್ದರು. ಪಕ್ಕದಲ್ಲೇ ಕೃಷ್ಣಾ, ಇನ್ನೊಂದು ಪಕ್ಕ ತುಂಗಭದ್ರಾ. ಏಮ್ಸ್ ಬೇಕೆಂದು ೨೦೨೨ರ ಮೇ ೧೩ರಂದು ರಾಯಚೂರಿನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಐಐಟಿ ಧಾರವಾಡಕ್ಕೆ ಹೋದಾಗ ಆದ ಗಾಯ ಇನ್ನೂ ಮಾಯ್ದಿಲ್ಲ. ಅಭ್ಯರ್ಥಿ ಯಾವ ಪಕ್ಷದವನೇ ಇರಲಿ, ನಿಲುವು ಕೇಳಬೇಕಾದದ್ದು ಇಂಥವುಗಳ ಬಗ್ಗೆ.

ಹಾಗಾದರೆ ನಾವೇನು ಮಾಡಬಹುದು? ನನ್ನದೊಂದು ಸಣ್ಣ ಸಲಹೆ. ವಿಧಾನಸಭೆಯ ನಡಾವಳಿ ಮತ್ತು ಪ್ರಶ್ನೋತ್ತರ ಅಂತರ್ಜಾಲದಲ್ಲಿ ಸಿಗುತ್ತವೆ, ಕನ್ನಡದಲ್ಲೇ. ಒಬ್ಬೊಬ್ಬರು ತಮ್ಮ ತಮ್ಮ ತಾಲ್ಲೂಕಿನ ಶಾಸಕರದ್ದು ಒಂದು ಪುಟ ಮಾಡೋಣ. ಯಾವ ಪ್ರಶ್ನೆ ಕೇಳಿದರು, ಯಾವ ಮಸೂದೆಯ ಮೇಲೆ ಮಾತಾಡಿದರು, ವರ್ಷದ ಎರಡು ಕೋಟಿ ಶಾಸಕರ ನಿಧಿ ಎಲ್ಲಿ ಹೋಯಿತು, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿನಲ್ಲಿ ಏನಾಯಿತು. ೨೦೨೩ರ ಬಜೆಟ್ಟಿನಲ್ಲಿ ಆ ಮಂಡಳಿಗೆ ಐದು ಸಾವಿರ ಕೋಟಿ ಘೋಷಣೆಯಾಯಿತು, ಚಿಲ್ಲರೆ ಮಾತಲ್ಲ. ಬೈಗುಳ ಬೇಡ, ಜೈಕಾರವೂ ಬೇಡ. ಬರೀ ದಾಖಲೆ. ಪಕ್ಷ ಬದಲಾಯಿಸಿದರೆ ಬದಲಾಯಿಸಲಿ, ಪುಟ ಅವರ ಹಿಂದೆಯೇ ಹೋಗುತ್ತದೆ. ಮುಂದಿನ ಸಲ ಓಟು ಕೇಳಲು ಬಂದಾಗ ನಮ್ಮ ಕಾಕಾನಂಥವರ ಕೈಯಲ್ಲಿ ಅದರ ಒಂದು ಪ್ರಿಂಟೌಟ್ ಇದ್ದರೆ ಸಾಕು.

ದೇವದುರ್ಗದ್ದು ನಾನು ಶುರು ಮಾಡುತ್ತೇನೆ. ೨೦೦೮ರಿಂದ ಇಲ್ಲಿಯವರೆಗೆ, ಶಿವನಗೌಡರು, ವೆಂಕಟೇಶ ನಾಯಕರು, ಕರೆಮ್ಮನವರು, ಮೂವರದೂ. ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಕಡೆಯವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ಕೈ ಎತ್ತಿ. ಒಪ್ಪದವರೂ ಬರೆಯಿರಿ, ಜಗಳ ಆಡೋಣ :-)