ಉಪಯೋಗಗಳ ಪಟ್ಟಿಯಲ್ಲಿ ಬಿಟ್ಟುಹೋದ ಆರೈಕೆ

ಪರಿಸರ ಅಧ್ಯಯನದ ಬೋಧನಾಭ್ಯಾಸದಲ್ಲಿ ನಮ್ಮ ಪಾಲಿಗೆ ಮತ್ತೆ ಮತ್ತೆ ಬರುವ ಪಾಠ ‘ಸಾಕುಪ್ರಾಣಿಗಳು’. ಸುಲಭದ ಪಾಠ ಎಂಬ ಹೆಸರೂ ಅದಕ್ಕಿದೆ. ಚಾರ್ಟ್ ಅಂಗಡಿಯಲ್ಲೇ ಸಿಗುತ್ತದೆ, ಪೀಠಿಕೆಗೆ ಪ್ರಶ್ನೆಗಳು ಸಲೀಸಾಗಿ ಹೊಳೆಯುತ್ತವೆ, ಮಕ್ಕಳು ಗಟ್ಟಿಯಾಗಿ ಉತ್ತರಿಸುತ್ತಾರೆ. ಈ ವರ್ಷ ಪಾಠ ವೀಕ್ಷಣೆಯ ದಾಖಲೆಗಾಗಿ ಸಹಪಾಠಿಗಳು ಮಾಡಿದ ಇಂಥ ನಾಲ್ಕು ಪಾಠಗಳನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ನಾಲ್ಕರಲ್ಲೂ ಕೊನೆಗೆ ಕಪ್ಪುಹಲಗೆಯ ಮೇಲೆ ಉಳಿದದ್ದು ಒಂದೇ ಪಟ್ಟಿ: ಹಸು ಹಾಲು ಕೊಡುತ್ತದೆ, ಕೋಳಿ ಮೊಟ್ಟೆ ಕೊಡುತ್ತದೆ, ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಹಿಡಿಯುತ್ತದೆ. ಪ್ರಾಣಿ ನಮಗೆ ಏನು ಕೊಡುತ್ತದೆ ಎಂಬುದು ಬಂತು. ನಾವು ಪ್ರಾಣಿಗೆ ಏನು ಕೊಡಬೇಕು ಎಂಬುದು ಎಲ್ಲೂ ಬರಲಿಲ್ಲ.

ಈ ಪಾಠದ ಮುಖ್ಯ ಉದ್ದೇಶ ಉಪಯೋಗಗಳ ಪಟ್ಟಿಯಾಗಬಾರದು, ಆರೈಕೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಪಾಠದ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ನಾವು ‘ಹಿಂದುಳಿದವರು’ ಎಂದು ದಾಖಲೆಯಲ್ಲಿ ಬರೆಯುವ ಎಷ್ಟೋ ಮಕ್ಕಳು ಆ ದಿನ ತರಗತಿಯಲ್ಲಿ ಮುಂದೆ ಬರುತ್ತಾರೆ.

ನಮ್ಮದು ತುಮಕೂರು ಕಡೆಯ ಹಳ್ಳಿ. ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ, ಒಂದು ನಾಯಿ, ಯಾರ ಮನೆಯದೆಂದು ಗೊತ್ತಾಗದ ಎರಡು ಬೆಕ್ಕು. ಐದನೇ ತರಗತಿಯ ನನ್ನ ತಮ್ಮ ಬೆಳಿಗ್ಗೆ ಮಂಕರಿ ಎತ್ತಿ ಕೋಳಿ ಬಿಡುತ್ತಾನೆ, ನುಚ್ಚು ಚೆಲ್ಲುತ್ತಾನೆ, ನೀರಿನ ಬೋಗುಣಿ ತೊಳೆದು ತುಂಬುತ್ತಾನೆ. ಸಂಜೆ ಎಣಿಸಿ ಮುಚ್ಚುವುದೂ ಅವನದೇ ಕೆಲಸ. ಲೆಕ್ಕಕ್ಕೆ ಒಂದು ಕಡಿಮೆಯಾದರೆ ಅದು ಬಣವೆಯ ಸಂದಿನಲ್ಲಿ ಮೊಟ್ಟೆ ಇಡಲು ಕೂತಿದೆಯೋ, ಮುಂಗುಸಿ ಪಾಲಾಯಿತೋ ಎಂದು ಪುಕ್ಕದ ಗುರುತು ನೋಡಿ ಹೇಳುತ್ತಾನೆ. ಇದು ವೀಕ್ಷಣೆ, ದಾಖಲೆ, ಊಹೆ, ಪರಿಶೀಲನೆ. ವಿಜ್ಞಾನ ಬೋಧನೆಯ ಪತ್ರಿಕೆಯಲ್ಲಿ ‘ಪ್ರಕ್ರಿಯಾ ಕೌಶಲಗಳು’ ಎಂದು ನಾವು ಓದಿ ಬರೆಯುವುದು ಇವನ್ನೇ. ಆದರೆ ಶಾಲೆಯಲ್ಲಿ ಅವನಿಗೆ ಬರುವ ಪ್ರಶ್ನೆ ‘ಹೊಂದಿಸಿ ಬರೆಯಿರಿ: ಕುದುರೆ–ಲಾಯ, ಹಸು–ಕೊಟ್ಟಿಗೆ, ಕೋಳಿ–ಗೂಡು’. ನಮ್ಮೂರಲ್ಲಿ ಅರ್ಧ ಕೋಳಿಗಳು ಮಂಕರಿಯಡಿ ಮಲಗುತ್ತವೆ, ಉಳಿದವು ಸೀಬೆ ಗಿಡದ ಮೇಲೆ. ಹಾಗೆಂದು ಬರೆದರೆ ಅಂಕ ಹೋಗುತ್ತದೆ.

ಕಾವಿಗೆ ಕೂರಿಸುವ ಒಂದೇ ಕೆಲಸವನ್ನು ತೆಗೆದುಕೊಳ್ಳೋಣ. ಹೇಂಟೆ ಇಟ್ಟ ಮೊಟ್ಟೆಗಳನ್ನು ಆಯ್ದು ತಂಪಾದ ಜಾಗದಲ್ಲಿ ಕೂಡಿಡುತ್ತಾರೆ. ಅದು ಕಾವಿಗೆ ಬಂದಾಗ ಹತ್ತು ಹನ್ನೆರಡು ಮೊಟ್ಟೆಗಳನ್ನು ಒಟ್ಟಿಗೆ ಇಡುತ್ತಾರೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಒಂದೇ ದಿನ ಒಡೆಯುವುದೇಕೆ? ಕಾವು ಸಿಗುವವರೆಗೆ ಒಳಗಿನ ಭ್ರೂಣ ಬೆಳೆಯುವುದಿಲ್ಲ, ಅದಕ್ಕೆ. ಹೇಂಟೆ ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುವುದೇಕೆ? ಭ್ರೂಣ ಒಳಗಿನ ಪೊರೆಗೆ ಅಂಟಿಕೊಳ್ಳದಿರಲಿ, ಶಾಖ ಎಲ್ಲ ಕಡೆಗೂ ತಾಗಲಿ ಎಂದು. ಏಳನೇ ದಿನದ ಹೊತ್ತಿಗೆ ಕತ್ತಲೆಯಲ್ಲಿ ಟಾರ್ಚ್ ಬೆಳಕಿಗೆ ಹಿಡಿದರೆ ಮರಿಯಾಗುವ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ, ಬರಡು ಮೊಟ್ಟೆ ತಿಳಿಯಾಗಿ ಕಾಣುತ್ತದೆ. 21ನೇ ದಿನದ ಸುಮಾರಿಗೆ ಪಿಳ್ಳೆಗಳು ಚಿಪ್ಪು ಕುಟ್ಟುತ್ತವೆ. ಬಾತುಕೋಳಿಯ ಮೊಟ್ಟೆಯನ್ನು ಅದೇ ಹೇಂಟೆಯಡಿ ಇಟ್ಟರೆ 28 ದಿನ ಬೇಕು.

ಇದರಲ್ಲಿ ಗಣಿತವೂ ಇದೆ. 4ನೇ ತಾರೀಕು ಕಾವಿಗೆ ಇಟ್ಟರೆ ಒಡೆಯುವುದು ಯಾವಾಗ? 12ರಲ್ಲಿ 9 ಮರಿಯಾದರೆ ಎಷ್ಟನೇ ಒಂದು ಭಾಗ ಹಾಳಾಯಿತು? ಇಂಥ ಲೆಕ್ಕಕ್ಕೆ ಕೈ ಎತ್ತುವ ಮಗು ಯಾವುದೆಂದು ನೀವೇ ಒಮ್ಮೆ ಪರೀಕ್ಷಿಸಿ ನೋಡಿ.

ಕೋಳಿಯನ್ನು ಗಮನವಿಟ್ಟು ನೋಡುವುದು ಸಣ್ಣ ಕೆಲಸವಲ್ಲ ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲೇ ಸಾಕ್ಷಿ ಇದೆ. 1890ರ ದಶಕದಲ್ಲಿ ಜಾವಾದ ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಕ್ರಿಶ್ಚಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಪ್ರಯೋಗಶಾಲೆಯ ಕೋಳಿಗಳ ಕಾಲು ಸೋಲುವುದನ್ನು ಕಂಡರು. ಪಾಲಿಷ್ ಅಕ್ಕಿಯ ಅನ್ನ ತಿಂದ ಕೋಳಿಗಳು ಸೊರಗಿದವು, ತೌಡಿನ ಸಮೇತ ಅಕ್ಕಿ ತಿಂದವು ಚೇತರಿಸಿಕೊಂಡವು. ಮನುಷ್ಯರ ಬೆರಿಬೆರಿ ರೋಗದ ಗುಟ್ಟು ತಿಳಿಯುವ ದಾರಿ ಅಲ್ಲಿಂದ ತೆರೆಯಿತು. ಇಂದು ನಾವು ಬಿ1 ಜೀವಸತ್ವ ಎನ್ನುವುದು ಆ ತೌಡಿನಲ್ಲಿತ್ತು. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಪ್ರಶಸ್ತಿ ಬಂತು. ‘ಮೇವು ಬದಲಾದ ಮೇಲೆ ಕೋಳಿ ಮಂಕಾಗಿದೆ’ ಎಂದು ಹೇಳುವ ಮಗು ಇದೇ ಬಗೆಯ ಗಮನವನ್ನು ತರಗತಿಗೆ ತಂದಿರುತ್ತದೆ.

ಆ ಗಮನವನ್ನು ನಮ್ಮ ಪಾಠಯೋಜನೆ ಹೇಗೆ ತಳ್ಳಿಹಾಕುತ್ತದೆ ಎಂಬುದನ್ನು ಒಂದು ಪಾಠದಲ್ಲಿ ಕಣ್ಣಾರೆ ಕಂಡೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ನಮ್ಮನೆ ಕೋಳಿ ಕತ್ತು ತಿರುಚ್ಕೊಂಡು ನಿಂತೈತೆ, ಹಸಿರು ಹಿಕ್ಕೆ ಹಾಕ್ತೈತೆ” ಎಂದಳು. “ಅದನ್ನ ಆಮೇಲೆ ಹೇಳುವೆಯಂತೆ, ಈಗ ಕೋಳಿಯಿಂದ ಏನು ಉಪಯೋಗ ಹೇಳು” ಎಂಬ ಉತ್ತರ ಬಂತು. ಹುಡುಗಿ “ಮೊಟ್ಟೆ” ಎಂದು ಹೇಳಿ ಕೂತಳು. ಪಾಠ ಮಾಡುತ್ತಿದ್ದವರನ್ನು ನಾನು ದೂರುವುದಿಲ್ಲ. ಎದುರಿಗಿದ್ದ ಯೋಜನೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

ಆ ಹುಡುಗಿ ಹೇಳಿದ್ದು ಹಳ್ಳಿಯವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗದ ಲಕ್ಷಣ. ಅದು ವೈರಸ್ಸಿನಿಂದ ಬರುತ್ತದೆ. ಬಂದ ಮೇಲೆ ಮದ್ದಿಲ್ಲ, ಬರದಂತೆ ಲಸಿಕೆ ಇದೆ. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕಿಸಬಹುದು. ಕಾಯಿಲೆಯ ಕೋಳಿಯನ್ನು ಬೇರೆ ಇಡಬೇಕು, ಸತ್ತದ್ದನ್ನು ತಿಪ್ಪೆಗೋ ಕೆರೆಗೋ ಎಸೆಯದೆ ಆಳವಾಗಿ ಹೂಳಬೇಕು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಐದು ನಿಮಿಷದ ಈ ಮಾತು ಆ ಮನೆಯ ಉಳಿದ ಕೋಳಿಗಳನ್ನು ಉಳಿಸಬಹುದಿತ್ತು. ಕೋಳಿ ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ನೋಟ್‌ಬುಕ್ ತರುವ ಮನೆಗಳಿವೆ. ಅಂಥಲ್ಲಿ ಇದು ಬರಿಯ ‘ಪೂರಕ ಮಾಹಿತಿ’ ಅಲ್ಲ.

ನಾಯಿಯ ವಿಷಯದಲ್ಲಿ ಇನ್ನೂ ದೊಡ್ಡದು ಪಣಕ್ಕಿದೆ. ‘ನಾಯಿ ನಂಬಿಕೆಯ ಪ್ರಾಣಿ’ ಎಂದು ಬರೆಸಿ ಮುಗಿಸುವ ನಾವು ರೇಬಿಸ್ ಹೆಸರು ಎತ್ತುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಸಮಯಕ್ಕೆ ಲಸಿಕೆ ಸಿಕ್ಕರೆ ತಡೆಯಬಹುದು. ಕಚ್ಚಿದ ಅಥವಾ ಪರಚಿದ ಜಾಗವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು, ಸುಣ್ಣ ಅಥವಾ ಮೆಣಸಿನ ಪುಡಿ ಮೆತ್ತದಿರುವುದು, ಅದೇ ದಿನ ಆಸ್ಪತ್ರೆಗೆ ಹೋಗುವುದು, ಹೇಳಿದ ದಿನಗಳಿಗೆ ಎಲ್ಲ ಚುಚ್ಚುಮದ್ದು ಹಾಕಿಸಿಕೊಳ್ಳುವುದು, ಮನೆಯ ನಾಯಿಗೆ ಪ್ರತಿ ವರ್ಷ ಲಸಿಕೆ ಹಾಕಿಸುವುದು: ಇಷ್ಟನ್ನು ನಾಲ್ಕನೇ ತರಗತಿಯ ಮಗು ಕಲಿಯಬಲ್ಲದು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಬೈಗುಳಕ್ಕೆ ಹೆದರಿ ಮಕ್ಕಳು ನಾಯಿ ಪರಚಿದ್ದನ್ನು ಮುಚ್ಚಿಡುತ್ತಾರೆ. ‘ಹೇಳಿದರೆ ಯಾರೂ ಬೈಯುವುದಿಲ್ಲ, ನನಗಾದರೂ ಹೇಳಿ’ ಎಂದು ಟೀಚರ್ ಬಾಯಿಂದ ಒಮ್ಮೆ ಕೇಳಿದ ಮಗು ಅದನ್ನು ಮರೆಯುವುದಿಲ್ಲ.

ಆರೈಕೆಯ ಪಾಠ ಎಂದರೆ ಸಿಹಿ ಮಾತಷ್ಟೇ ಅಲ್ಲ. ಸಾಕಿದ ಹುಂಜವನ್ನು ಊರಹಬ್ಬಕ್ಕೆ ಕುಯ್ಯುತ್ತಾರೆ, ಪ್ರೀತಿಯ ನಾಯಿ ಸಾಯುತ್ತದೆ, ಬೆಕ್ಕಿನ ಮರಿಗಳನ್ನು ಯಾರೋ ಗೋಣಿಯಲ್ಲಿ ಕಟ್ಟಿ ದೂರ ಬಿಟ್ಟು ಬರುತ್ತಾರೆ. ಮಕ್ಕಳು ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಾರೆ. ಆಗ ನಾವು ತೀರ್ಪು ಕೊಡಲು ಹೋಗಬಾರದು. ‘ಯಾರ ಮನೆಯಲ್ಲಿ ಕೋಳಿ ತಿನ್ನುತ್ತಾರೆ, ಕೈ ಎತ್ತಿ’ ಎಂಬ ಪ್ರಶ್ನೆಯನ್ನಂತೂ ಕೇಳಲೇಬಾರದು. ಆ ಪ್ರಶ್ನೆ ತರಗತಿಯನ್ನು ಜಾತಿಯ ಗೆರೆಗಳಲ್ಲಿ ಒಡೆಯುತ್ತದೆ, ಕೆಲವು ಕೈಗಳನ್ನು ಅರ್ಧಕ್ಕೇ ಇಳಿಸುತ್ತದೆ. ‘ನಿಮ್ಮ ಮನೆಯ ಅಥವಾ ಬೀದಿಯ ಪ್ರಾಣಿಯನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ?’ ಎಂದು ಕೇಳಿದರೆ ಎಲ್ಲ ಕೈಗಳೂ ಏಳುತ್ತವೆ. ಕೋಳಿ ತಿನ್ನುವ ಮನೆಯವರಿಗೂ ತಿನ್ನದ ಮನೆಯವರಿಗೂ ಆರೈಕೆ ಸಮಾನ ವಿಷಯ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಆಗುವುದಿಲ್ಲ. ಉಪಯೋಗಗಳ ಪಟ್ಟಿ ಮಕ್ಕಳಿಗೆ ಮೊದಲೇ ಗೊತ್ತಿರುವುದರಿಂದ ಅದಕ್ಕೆ ಐದು ನಿಮಿಷ ಸಾಕು. ಉಳಿದ ಸಮಯ ಅಲ್ಲೇ ಇದೆ. ಎರಡನೆಯದು, ನಗರದ ಮಕ್ಕಳಿಗೆ ಕೋಳಿ ಎಲ್ಲಿದೆ? ಕೋಳಿ ಇಲ್ಲದಿದ್ದರೆ ಬೀದಿನಾಯಿ, ಮೆಟ್ಟಿಲ ಕೆಳಗಿನ ಬೆಕ್ಕು, ಮೀನಿನ ತೊಟ್ಟಿ, ಬೇಸಿಗೆಯಲ್ಲಿ ತಾರಸಿಯ ಮೇಲೆ ಹಕ್ಕಿಗೆ ಇಡುವ ನೀರು ಇದೆ. ಮೂರನೆಯದು, ಇದರಿಂದ ಮಕ್ಕಳ ದುಡಿಮೆಯನ್ನು ಹೊಗಳಿದಂತಾಗುತ್ತದೆ. ಓದು, ಆಟ, ನಿದ್ದೆ ಕೆಡುವಷ್ಟು ಕೆಲಸವನ್ನು ಯಾರೂ ಒಪ್ಪಬಾರದು. ಆದರೆ ಮಗು ದಿನಾ ಮಾಡುವುದನ್ನು ಶಾಲೆ ಕಾಣದಂತೆ ನಟಿಸಿದರೆ ಕೆಲಸವೇನೂ ಕಡಿಮೆಯಾಗುವುದಿಲ್ಲ, ಅದರಿಂದ ಬಂದ ತಿಳಿವಳಿಕೆಗೆ ಬೆಲೆ ಇಲ್ಲವಾಗುತ್ತದೆ ಅಷ್ಟೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ, ಪಾಠದಲ್ಲಿ ಬಿಡುತ್ತೇವೆ.

ಆದ್ದರಿಂದ ಮುಂದಿನ ಬೋಧನಾಭ್ಯಾಸದ ಅವಧಿಗೆ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಈ ಪಾಠದ ಉದ್ದೇಶಗಳಲ್ಲಿ ‘ಒಂದು ಪ್ರಾಣಿಯ ಒಂದು ದಿನದ ಆರೈಕೆಯನ್ನು ಕಾರಣ ಸಹಿತ ವಿವರಿಸುತ್ತಾರೆ’ ಎಂಬ ಸಾಲು ಇರಲಿ. ಎರಡು, ಗೃಹಪಾಠಕ್ಕೆ ಉಪಯೋಗಗಳನ್ನು ಬರೆಸುವ ಬದಲು ಒಂದು ವಾರದ ವೀಕ್ಷಣಾ ಪಟ್ಟಿ ಕೊಡೋಣ: ಏನು ತಿಂದಿತು, ಎಷ್ಟು ಸಲ ನೀರು ಕುಡಿಯಿತು, ಎಲ್ಲಿ ಮಲಗಿತು, ಏನು ಬದಲಾಯಿತು. ಮೂರು, ಪಾಠ ವೀಕ್ಷಣೆಯ ನಮೂನೆಯಲ್ಲಿ ‘ಬೋಧನೋಪಕರಣದ ಬಳಕೆ’ಯ ಪಕ್ಕದಲ್ಲೇ ‘ಮಗು ತಂದ ತಿಳಿವಳಿಕೆಯ ಬಳಕೆ’ ಎಂಬ ಅಂಕಣವನ್ನು ಸೇರಿಸಲು ನಮ್ಮ ಉಪನ್ಯಾಸಕರಲ್ಲಿ ಕೋರುತ್ತೇನೆ. ಆ ಅಂಕಣಕ್ಕೆ ಐದು ಅಂಕ ಇದ್ದರೆ ಸಾಕು. ಹಸಿರು ಹಿಕ್ಕೆಯ ಮಾತು ಬಂದಾಗ ಪಾಠಯೋಜನೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು “ಯಾವಾಗಿನಿಂದ ಹಾಗಿದೆ ಪುಟ್ಟಿ?” ಎಂದು ಕೇಳಲು ನಮಗೆಲ್ಲ ಧೈರ್ಯ ಬರುತ್ತದೆ.