ಸುಯೋಧನನ ಸರೋವರ, ಹಿಟ್ಲರನ ನೆಲಮಾಳಿಗೆ

"ಹಿಟ್ಲರನೂ ಒಬ್ಬ ದುರಂತ ನಾಯಕನಲ್ಲವೇ ಮೇಷ್ಟ್ರೇ?" ಎಂದು ಮುದ್ದೇನಹಳ್ಳಿಯ ಹಳೆಯ ಶಿಷ್ಯರೊಬ್ಬರು ಕೇಳಿದ್ದಾರೆ. ಪತನ ಹೊಂದಿದವರೆಲ್ಲರೂ ದುರಂತ ನಾಯಕರಲ್ಲವೆಂಬುದು ನನ್ನ ಅಭಿಪ್ರಾಯ.

ರನ್ನನ 'ಗದಾಯುದ್ಧ'ವನ್ನೇ ನೋಡಿ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲೆಂದೇ ಕವಿ ಬರೆದ ಕಾವ್ಯವದು. ಆದರೂ ಓದುಗರ ಮರುಕವೆಲ್ಲ ದುರ್ಯೋಧನನ ಪಾಲಾಗುತ್ತದೆ. ಅವನು ಹಠಮಾರಿಯೇನೋ ಹೌದು. ಶರಶಯ್ಯೆಯಲ್ಲಿದ್ದ ಭೀಷ್ಮರು ಸಂಧಿಯ ಮಾತನ್ನಾಡಿದರೂ ಒಪ್ಪಲಿಲ್ಲ. ಆದರೆ ರಣಭೂಮಿಯ ಹೆಣಗಳ ನಡುವೆ ನಡೆಯುತ್ತಾ ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ ಇವರಿಗಾಗಿ ಶೋಕಿಸುತ್ತಾನೆ. ಶತ್ರುಪುತ್ರ ಅಭಿಮನ್ಯುವಿನ ಮುಂದೆಯೂ ನಿಂತು, ಅವನ ಸಾಹಸದ ಒಂದಂಶವಾದರೂ ತನ್ನ ಮರಣಕ್ಕಿರಲೆಂದು ಬೇಡುತ್ತಾನೆ. (ಇದನ್ನು ಓದುವಾಗ ತರಗತಿಯಲ್ಲಿ ನನ್ನ ದನಿ ನಡುಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲಿಕೆಗೆ ಕೆರಳಿ ಹೊರಬಂದೇ ಬರುತ್ತಾನೆ.

ಹಿಟ್ಲರನೋ, 1945ರ ಮಾರ್ಚ್ 19ರಂದು ತನ್ನದೇ ದೇಶದ ಸೇತುವೆ, ಕಾರ್ಖಾನೆಗಳನ್ನು ನಾಶಮಾಡಲು ಆಜ್ಞಾಪಿಸಿದ. ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದವನು, ಏಪ್ರಿಲ್ 29ರ ತನ್ನ ಉಯಿಲಿನಲ್ಲಿ ಯುದ್ಧದ ಹೊಣೆಯನ್ನೂ ಅವರ ಮೇಲೆಯೇ ಹೊರಿಸಿದ. ಮರುದಿನ ಬರ್ಲಿನ್ನಿನ ನೆಲಮಾಳಿಗೆಯೊಳಗೇ ಆತ್ಮಹತ್ಯೆ ಮಾಡಿಕೊಂಡ. ಹೊರಗೆ ಬೀದಿಗಳಲ್ಲಿ, ಶಾಲೆಯಲ್ಲಿರಬೇಕಾದ ಹುಡುಗರು ಅವನಿಗಾಗಿ ಇನ್ನೂ ಕಾದಾಡುತ್ತಿದ್ದರು.